ಗಿಟ್ ಕಟ್ಟುವ ಟಾರ್ ಕಡತದಲ್ಲಿ ಅನುಮತಿಗಳು ಎಲ್ಲಿಂದ ಬರುತ್ತವೆ

ಗಿಟ್ ಎಂಬ ಆವೃತ್ತಿ ನಿಯಂತ್ರಣ ತಂತ್ರಾಂಶದ ರೆಪಾಸಿಟರಿಯಿಂದ (ಕಡತಗಳ ಇತಿಹಾಸವಿರುವ ಸಂಗ್ರಹದಿಂದ) ತೆಗೆದ ಟಾರ್ ಕಡತವನ್ನು, ಅಂದರೆ ಹಲವು ಕಡತಗಳನ್ನು ಒಂದಾಗಿ ಕಟ್ಟಿದ ಆರ್ಕೈವ್ ಅನ್ನು, ಸರ್ವರ್‌ನಲ್ಲಿ ಬಿಚ್ಚಿದಾಗ, ಬರೆದವರ ಯಂತ್ರದಲ್ಲಿ ಅನುಮತಿ 0644 ಇದ್ದ ಕಡತಗಳು 0664 ಆಗಿ, 0755 ಇದ್ದ ಫೋಲ್ಡರುಗಳು 0775 ಆಗಿ, ಮಾಲೀಕರ ಜಾಗದಲ್ಲಿ ರೂಟ್ (ಎಲ್ಲ ಅಧಿಕಾರವಿರುವ ಬಳಕೆದಾರ) ಎಂಬ ಹೆಸರು ಕುಳಿತಿರುವುದನ್ನು ಕಂಡು ಗೊಂದಲಕ್ಕೆ ಬೀಳುವವರು ಕಡಿಮೆಯೇನಲ್ಲ. ಸಂಶಯ ಮೊದಲು ಟಾರ್ ಮೇಲೆ ಹೋಗುತ್ತದೆ, ಆಮೇಲೆ ಸರ್ವರ್ ಮೇಲೆ, ಕೊನೆಗೆ ಕಡತ ಕಳುಹಿಸಿದವರ ಮೇಲೆ. ಆರ್ಕೈವ್‌ನೊಳಗೆ ಕಾಣುವ ಅನುಮತಿಯೆಂದರೆ ನಮ್ಮ ಡಿಸ್ಕಿನಲ್ಲಿದ್ದ ಅನುಮತಿಯ ನಕಲು ಎಂದು ಭಾವಿಸುವುದರಿಂದಲೇ ಈ ಗೊಂದಲ ಹುಟ್ಟುತ್ತದೆ. ವಾಸ್ತವದಲ್ಲಿ ಅದು ಮೂರು ಕಡೆ ಹೊಸದಾಗಿ ತೀರ್ಮಾನವಾಗುತ್ತದೆ: ರೆಪಾಸಿಟರಿ ಏನನ್ನು ನೆನಪಿಟ್ಟುಕೊಂಡಿದೆ, ಆರ್ಕೈವ್ ಕಟ್ಟುವಾಗ ಯಾವ ಸೆಟ್ಟಿಂಗ್ ಜಾರಿಯಲ್ಲಿತ್ತು, ಬಿಚ್ಚಿದವರು ಯಾವ ಬಳಕೆದಾರರಾಗಿ ಬಿಚ್ಚಿದರು. ತೊಂದರೆ ಈ ಮೂರರಲ್ಲಿ ಎಲ್ಲಿಯದು ಎಂದು ತಿಳಿಯದೆ ಸಿಎಚ್‌ಮಾಡ್ ಎಂಬ ಅನುಮತಿ ಬದಲಿಸುವ ಆದೇಶವನ್ನು ಹೊಡೆಯುತ್ತ ಹೋದರೆ ಪ್ರತಿ ಹೊಸ ಆವೃತ್ತಿಗೂ ಅದೇ ಕೆಲಸವನ್ನು ಮತ್ತೆ ಮಾಡಬೇಕಾಗುತ್ತದೆ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಮನೆಗಳಲ್ಲಿ ಕುಳಿತು ತಂತ್ರಾಂಶ ಬರೆಯುವವರು ಈಗ ಸಾಕಷ್ಟಿದ್ದಾರೆ. ಮಳೆಗಾಲದಲ್ಲಿ ಕರೆಂಟು ಹೋಗಿ ನೆಟ್‌ವರ್ಕ್ ಕೈಕೊಟ್ಟಾಗ, ಇಡೀ ಇತಿಹಾಸದ ಸಮೇತ ರೆಪಾಸಿಟರಿಯನ್ನು ಕ್ಲೋನ್ ಮಾಡಿಸುವ ಬದಲು ಬೇಕಾದ ಒಂದು ಆವೃತ್ತಿಯನ್ನಷ್ಟೇ ಆರ್ಕೈವ್ ಮಾಡಿ ಕಳುಹಿಸುವುದು, ಅದೂ ಸಾಗದಿದ್ದರೆ ಪೆನ್‌ಡ್ರೈವ್‌ಗೆ ಹಾಕಿ ದೇವಿಮನೆ ಘಟ್ಟ ಇಳಿಯುವವರ ಕೈಯಲ್ಲಿ ಕೊಟ್ಟು ಕಳುಹಿಸುವುದು ಈ ಉತ್ತರ ಕನ್ನಡ ಜಿಲ್ಲೆಯಲ್ಲಿ ಊಹಿಸಲಾಗದ ಮಾತೇನಲ್ಲ. ಆದ್ದರಿಂದ ಒಂದು ಕಲ್ಪಿತ ಉದಾಹರಣೆಯನ್ನು ಇಟ್ಟುಕೊಂಡು ಮುಂದುವರಿಯೋಣ. ಶಿರಸಿಯಲ್ಲಿರುವ ಒಬ್ಬರು ಅಡಿಕೆ ಬೆಳೆಗಾರರ ಸಂಘವೊಂದಕ್ಕಾಗಿ ದಿನದ ದರ ತೋರಿಸುವ ಜಾಲತಾಣ ಬರೆದಿದ್ದಾರೆ. ಕಾರವಾರದಲ್ಲಿರುವ ಇನ್ನೊಬ್ಬರು ಅದು ನಡೆಯುವ ಸರ್ವರ್ ನೋಡಿಕೊಳ್ಳುತ್ತಾರೆ. ಇಬ್ಬರ ನಡುವೆ ಓಡಾಡುವುದು ಗಿಟ್ ಆರ್ಕೈವ್ ಎಂಬ ಆದೇಶ ಕಟ್ಟಿಕೊಟ್ಟ ಒಂದು ಟಾರ್ ಕಡತ. ಆದೇಶಗಳನ್ನು ಇಲ್ಲಿ ಉಚ್ಚಾರದಂತೆ ಕನ್ನಡದಲ್ಲೇ ಬರೆದಿದೆ; ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಕೊಡಬೇಕು.

ಅನುಮತಿಯ ಅಂಕಿಗಳನ್ನು ಓದಲು ಬರುವವರು ಈ ಪರಿಚ್ಛೇದವನ್ನು ದಾಟಿಹೋಗಬಹುದು. ಯುನಿಕ್ಸ್ ಪರಂಪರೆಯ ವ್ಯವಸ್ಥೆಗಳು ಪ್ರತಿ ಕಡತಕ್ಕೂ ಮಾಲೀಕ, ಗುಂಪು, ಉಳಿದವರು ಎಂದು ಮೂರು ವರ್ಗ ಮಾಡಿ, ಪ್ರತಿ ವರ್ಗಕ್ಕೂ ಓದುವ, ಬರೆಯುವ, ಚಲಾಯಿಸುವ ಅನುಮತಿಯನ್ನು ಒಂದೊಂದು ಬಿಟ್ ಆಗಿ (ಇದೆ ಅಥವಾ ಇಲ್ಲ ಎಂಬ ಗುರುತಾಗಿ) ಪ್ರತ್ಯೇಕವಾಗಿ ಇಡುತ್ತವೆ. ಓದಲು 4, ಬರೆಯಲು 2, ಚಲಾಯಿಸಲು 1 ಎಂಬ ಬೆಲೆಗಳನ್ನು ಕೂಡಿಸಿದರೆ ಒಂದು ವರ್ಗಕ್ಕೆ ಒಂದು ಅಂಕಿ ಸಿಗುತ್ತದೆ. ಹಾಗಾಗಿ 0644 ಎಂದರೆ ಮಾಲೀಕರು ಓದಿ ಬರೆಯಬಹುದು, ಗುಂಪಿನವರೂ ಉಳಿದವರೂ ಓದಬಹುದು ಅಷ್ಟೆ. 0664 ಆದರೆ ಗುಂಪಿನವರೂ ಬರೆಯಬಹುದು. ಮುಂದಿನ ಸೊನ್ನೆ ಇದು ಆಕ್ಟಲ್, ಅಂದರೆ ಎಂಟರ ಆಧಾರದ ಸಂಖ್ಯೆ ಎಂಬುದರ ಗುರುತು. ಆ ಸೊನ್ನೆ ಮುಂದೆ ಒಂದು ಕಡೆ ನಿಜಕ್ಕೂ ಕೆಲಸಕ್ಕೆ ಬರುತ್ತದೆ.

ಇನ್ನು ಯುಮಾಸ್ಕ್. ಹೊಸ ಕಡತವೊಂದು ಹುಟ್ಟುವಾಗ ಯಾವ ಯಾವ ಅನುಮತಿಗಳನ್ನು ಅಳಿಸಿಬಿಡಬೇಕು ಎಂದು ಹೇಳುವ ಸಂಖ್ಯೆ ಇದು. 0022 ಎಂದರೆ ಗುಂಪಿನ ಮತ್ತು ಉಳಿದವರ ಬರೆಯುವ ಬಿಟ್‌ಗಳನ್ನು ಅಳಿಸು ಎಂದರ್ಥ. ಇದನ್ನು ಕಳೆಯುವ ಲೆಕ್ಕವೆಂದು ಅನೇಕರು ಕಲಿಸುತ್ತಾರೆ; ಹೊಸ ಕಡತಕ್ಕೆ ಸಾಮಾನ್ಯವಾಗಿ ಕೇಳುವ 666ರಿಂದ 022 ಕಳೆದರೆ 644 ಬರುತ್ತದೆಯಾದ್ದರಿಂದ ಅದು ಸರಿಯೆಂದೇ ತೋರುತ್ತದೆ. ಆದರೆ 0027 ಹಾಕಿ ನೋಡಿದರೆ ಈ ಸುಲಭದ ದಾರಿ ಕುಸಿಯುತ್ತದೆ. ಕಳೆದರೆ 639 ಎಂಬ ಅರ್ಥವಿಲ್ಲದ ಸಂಖ್ಯೆ ಬರುತ್ತದೆ, ಏಕೆಂದರೆ ಆಕ್ಟಲ್‌ನಲ್ಲಿ 9 ಎಂಬ ಅಂಕಿಯೇ ಇಲ್ಲ. ನಿಜವಾದ ಉತ್ತರ 0640. ಉಳಿದವರ 6ರಲ್ಲಿದ್ದ ಓದುವ ಮತ್ತು ಬರೆಯುವ ಬಿಟ್‌ಗಳನ್ನು 7 ಅಳಿಸುತ್ತದೆ. ಚಲಾಯಿಸುವ ಬಿಟ್ ಅಲ್ಲಿ ಮೊದಲೇ ಇಲ್ಲದ್ದರಿಂದ ಅಳಿಸಲು ಇನ್ನೇನೂ ಉಳಿದಿರುವುದಿಲ್ಲ. ಯುಮಾಸ್ಕ್ ಕಳೆಯುವುದಿಲ್ಲ, ಅಳಿಸುತ್ತದೆ ಎಂಬುದು ಮನಸ್ಸಿನಲ್ಲಿದ್ದರೆ ಮುಂದಿನ ಲೆಕ್ಕಗಳು ತಾವಾಗಿಯೇ ಹೊಂದುತ್ತವೆ.

ಈಗ ಮೊದಲ ಘಟ್ಟಕ್ಕೆ ಬರೋಣ. ಒಂಬತ್ತು ಬಿಟ್‌ಗಳ ಪೈಕಿ ಗಿಟ್ ನೆನಪಿಟ್ಟುಕೊಳ್ಳುವುದು ಒಂದೇ ಒಂದನ್ನು: ಮಾಲೀಕರು ಈ ಕಡತವನ್ನು ಚಲಾಯಿಸಬಹುದೇ ಇಲ್ಲವೇ. ಸಾಮಾನ್ಯ ಕಡತವಾದರೆ 100644 ಎಂದು, ಚಲಾಯಿಸಬಹುದಾದ ಕಡತವಾದರೆ 100755 ಎಂದು ಅದು ದಾಖಲಿಸುತ್ತದೆ. ಸಿಂಬಾಲಿಕ್ ಲಿಂಕ್‌ಗೆ 120000, ಒಳಫೋಲ್ಡರಿಗೆ 040000, ಸಬ್‌ಮಾಡ್ಯೂಲ್‌ಗೆ 160000 ಎಂಬ ಬೇರೆ ಗುರುತುಗಳಿವೆ. ಶಿರಸಿಯ ವ್ಯಾಪಾರಾಂಗಣದಲ್ಲಿ ರಾಶಿ, ಚಾಲಿ, ಬೆಟ್ಟೆ, ಬಿಳೇಗೋಟು, ಕೆಂಪುಗೋಟು ಎಂದು ವಿಂಗಡಿಸಿದ ಅಡಿಕೆಯ ಮಾಲನ್ನು ಚೀಟಿಯಲ್ಲಿ ಕೆಂಪು ಅಥವಾ ಬಿಳಿ ಎಂದಷ್ಟೇ ಬರೆದು ಲಾರಿ ಹತ್ತಿಸಿದರೆ, ಇಳಿಸಿಕೊಂಡವರು ಆ ಚೀಟಿಯನ್ನು ಓದಿ ಹಳೆಯ ವಿಂಗಡಣೆಯನ್ನು ತಿಳಿಯಲಾರರು. ಗಿಟ್‌ನ ದಾಖಲೆಯೂ ಅಷ್ಟೇ ಸಂಕ್ಷಿಪ್ತ. ಶಿರಸಿಯ ಯಂತ್ರದಲ್ಲಿ 0600 ಎಂದು ಬಿಗಿಮಾಡಿಟ್ಟ ಕಡತವೂ 0664 ಎಂದು ಸಡಿಲವಾಗಿದ್ದ ಕಡತವೂ ಕಮಿಟ್ ಆದೊಡನೆ (ರೆಪಾಸಿಟರಿಯಲ್ಲಿ ದಾಖಲಾದೊಡನೆ) ಒಂದೇ ಆಗಿಬಿಡುತ್ತವೆ.

ಇದು ಕೊರತೆಯಂತೆ ಕಂಡರೂ ಬೇಕೆಂದೇ ಮಾಡಿದ ಆಯ್ಕೆ. 2005ರಲ್ಲಿ ಗಿಟ್ ಆರಂಭವಾದಾಗ ಅನುಮತಿ ಇದಕ್ಕಿಂತ ವಿವರವಾಗಿ ದಾಖಲಾಗುತ್ತಿತ್ತು. ಗುಂಪಿಗೆ ಬರೆಯುವ ಹಕ್ಕಿರುವ 100664 ಎಂಬ ಗುರುತು ತೀರಾ ಹಳೆಯ ರೆಪಾಸಿಟರಿಗಳಲ್ಲಿ ಈಗಲೂ ಕಾಣಿಸಬಹುದು. ಆದರೆ ಒಬ್ಬರ ಯಂತ್ರದ ಯುಮಾಸ್ಕ್ 0022, ಇನ್ನೊಬ್ಬರದು 0002 ಆಗಿರುವಾಗ, ಒಂದಕ್ಷರವನ್ನೂ ಬದಲಿಸದ ಕಡತ ಬದಲಾಗಿದೆ ಎಂದು ಆವೃತ್ತಿ ನಿಯಂತ್ರಣ ವ್ಯವಸ್ಥೆ ಬೊಬ್ಬೆ ಹಾಕಲು ತೊಡಗಿದರೆ ಜೊತೆಯಾಗಿ ಕೆಲಸ ಮಾಡುವುದೇ ಕಷ್ಟವಾಗುತ್ತದೆ. ಕಾರ್ಯಕ್ರಮದ ಅರ್ಥಕ್ಕೆ ಸಂಬಂಧಿಸಿದ ಅನುಮತಿ ಚಲಾಯಿಸುವುದೊಂದೇ. ಉಳಿದವು ಆಯಾ ಯಂತ್ರದ, ಆಯಾ ಊರಿನ ವ್ಯವಸ್ಥೆಗೆ ಬಿಟ್ಟದ್ದು. ಈ ನಿಲುವು ನನಗೆ ಸರಿಯೆಂದೇ ಕಾಣುತ್ತದೆ, ಅದರ ಬೆಲೆಯನ್ನು ಮುಂದಿನ ಎರಡು ಘಟ್ಟಗಳಲ್ಲಿ ನಾವೇ ತೆರಬೇಕಾದರೂ.

ಆರ್ಕೈವ್ ಕಟ್ಟುವುದು ಎರಡನೆಯ ಘಟ್ಟ. ಟಾರ್ ಎಂಬ ಸ್ವರೂಪದಲ್ಲಿ ಪ್ರತಿ ಕಡತದ ಮುಂದೆ 512 ಬೈಟ್‌ಗಳ ಒಂದು ತಲೆಬರಹವಿರುತ್ತದೆ. ಅದರಲ್ಲಿ ಹೆಸರಾದ ಕೂಡಲೇ ಅನುಮತಿಗೆಂದು 8 ಬೈಟ್‌ಗಳ ಜಾಗವಿದೆ, ಅಲ್ಲಿ ಆಕ್ಟಲ್ ಅಂಕಿಗಳನ್ನು ಅಕ್ಷರಗಳಾಗಿಯೇ ಬರೆಯುತ್ತಾರೆ. ಈ ಜಾಗವನ್ನು ಖಾಲಿ ಬಿಡುವಂತಿಲ್ಲ. ಗಿಟ್ ಬಳಿಯಿರುವುದು ಒಂದು ಬಿಟ್, ತುಂಬಬೇಕಾದದ್ದು ಒಂಬತ್ತು. ಆದ್ದರಿಂದ ಅದು ಮೊದಲು ಅತ್ಯಂತ ಉದಾರವಾದ ಸಂಖ್ಯೆಯನ್ನು ಹಿಡಿಯುತ್ತದೆ: ಸಾಮಾನ್ಯ ಕಡತಕ್ಕೆ 0666, ಚಲಾಯಿಸಬಹುದಾದ ಕಡತಕ್ಕೂ ಫೋಲ್ಡರಿಗೂ 0777. ಆಮೇಲೆ ಟಾರ್.ಯುಮಾಸ್ಕ್ ಎಂಬ ಕಾನ್ಫಿಗರೇಶನ್‌ನಲ್ಲಿರುವ ಬಿಟ್‌ಗಳನ್ನು ಅಳಿಸುತ್ತದೆ. ನಾವು ಏನೂ ಹೇಳದಿದ್ದರೆ ಅದರ ಬೆಲೆ 0002. ಅಳಿಸಿದ ಮೇಲೆ ಉಳಿಯುವುದು 0664 ಮತ್ತು 0775. ಕಾರವಾರದ ಸರ್ವರ್‌ನಲ್ಲಿ ಕಂಡ ಸಂಖ್ಯೆಗಳು ಇವೇ. ಮಾಲೀಕರ ಹೆಸರನ್ನಂತೂ ಗಿಟ್ ಎಲ್ಲಿಯೂ ದಾಖಲಿಸುವುದೇ ಇಲ್ಲವಾದ್ದರಿಂದ ಆ ಜಾಗದಲ್ಲಿ ರೂಟ್ ಎಂದು, ಗುಂಪಿನ ಜಾಗದಲ್ಲಿಯೂ ರೂಟ್ ಎಂದು, ಕ್ರಮಸಂಖ್ಯೆ 0 ಎಂದು ಬರೆದುಬಿಡುತ್ತದೆ.

ಗಮನಿಸಬೇಕಾದ ಒಂದು ಸಂಗತಿ: ಗಿಟ್ ಆರ್ಕೈವ್ ಕಮಿಟ್‌ನಿಂದ ಓದುತ್ತದೆಯೇ ಹೊರತು ಕಣ್ಣೆದುರಿನ ಫೋಲ್ಡರಿನಿಂದಲ್ಲ. ಹಾಗಾಗಿ ಆರ್ಕೈವ್ ಕಟ್ಟುವ ಮುನ್ನ ಕಡತಗಳ ಮೇಲೆ ಎಷ್ಟು ಸಲ ಸಿಎಚ್‌ಮಾಡ್ 644 ಓಡಿಸಿದರೂ ಹೊರಬರುವ ಟಾರ್‌ನಲ್ಲಿ ಒಂದು ಬಿಟ್ಟೂ ಬದಲಾಗುವುದಿಲ್ಲ.

ನಾವು ಏನೂ ಹೇಳದಿದ್ದಾಗ 0002 ಎಂಬ ಬೆಲೆಯೇ ಏಕೆ ಎಂಬುದಕ್ಕೆ ಒಂದು ಹಿನ್ನೆಲೆಯಿದೆ. ಗಿಟ್‌ನ ಮೊದಮೊದಲ ಆವೃತ್ತಿಗಳಲ್ಲಿ ಯಾವುದನ್ನೂ ಅಳಿಸುತ್ತಿರಲಿಲ್ಲ. ಕಡತಗಳು 0666, ಫೋಲ್ಡರುಗಳು 0777 ಆಗಿಯೇ ಹೋಗುತ್ತಿದ್ದವು. ಬಿಚ್ಚುವವರ ಯಂತ್ರದ ಯುಮಾಸ್ಕ್ ತನಗೆ ಬೇಡವಾದದ್ದನ್ನು ಅಳಿಸಿಕೊಳ್ಳಲಿ, ಕಟ್ಟುವವರು ಮುಂಚಿತವಾಗಿ ನಿರ್ಬಂಧ ಹೇರಬಾರದು ಎಂಬುದು ಅದರ ಹಿಂದಿನ ತರ್ಕ. ಸಾಮಾನ್ಯ ಬಳಕೆದಾರರು ಬಿಚ್ಚುವಷ್ಟು ಕಾಲ ಆ ತರ್ಕಕ್ಕೆ ಬಾಧಕವಿಲ್ಲ. 2006ರಲ್ಲಿ ಲಿನಕ್ಸ್ ಕರ್ನೆಲ್‌ನ ಆಕರ ಕಡತಗಳ ಟಾರ್ ಅನ್ನು ರೂಟ್ ಆಗಿ ಬಿಚ್ಚಿದರೆ ಯಾರು ಬೇಕಾದರೂ ತಿದ್ದಬಹುದಾದ ಕಡತಗಳು ಡಿಸ್ಕಿನ ಮೇಲೆ ಬಂದು ಕೂರುತ್ತವೆ ಎಂಬ ಆಕ್ಷೇಪ ಎದ್ದಿತು. ರೂಟ್ ಆಗಿ ಬಿಚ್ಚುವುದೇ ಸರಿಯಲ್ಲ ಎಂಬ ಪ್ರತಿವಾದವೂ ಬಂತು. ಮುಂದೆ ಗಿಟ್‌ನ ಏನೂ ಹೇಳದಿದ್ದಾಗಿನ ಬೆಲೆ 0002 ಆಯಿತು. ಉಳಿದವರ ಬರೆಯುವ ಹಕ್ಕು ಹೋಯಿತು, ಗುಂಪಿನ ಬರೆಯುವ ಹಕ್ಕು ಉಳಿಯಿತು. ಪ್ರತಿ ಬಳಕೆದಾರರಿಗೂ ಅವರದೇ ಹೆಸರಿನ ಏಕವ್ಯಕ್ತಿ ಗುಂಪು ಇರುವ ಲಿನಕ್ಸ್ ವಿತರಣೆಗಳಲ್ಲಿ ಗುಂಪಿನ ಹಕ್ಕು ನಿರಪಾಯಕಾರಿ. ಎಲ್ಲರೂ ಒಂದೇ ಗುಂಪಿನಲ್ಲಿರುವ ಕಡೆ ಹಾಗಲ್ಲ.

ಮೂರನೆಯ ಘಟ್ಟದಲ್ಲಿ ಅತಿ ಹೆಚ್ಚು ಅಚ್ಚರಿಗಳಿವೆ. ಸಾಮಾನ್ಯ ಬಳಕೆದಾರರು ಟಾರ್ ಬಿಚ್ಚಿದಾಗ, ಆರ್ಕೈವ್‌ನಲ್ಲಿ ಬರೆದ ಅನುಮತಿಯಿಂದ ಅವರ ಯುಮಾಸ್ಕ್‌ನ ಬಿಟ್‌ಗಳು ಅಳಿಸಿಹೋಗುತ್ತವೆ. ಯುಮಾಸ್ಕ್ 0022 ಆಗಿದ್ದರೆ 0664 ಎಂಬುದು 0644 ಆಗಿಯೇ ಇಳಿಯುತ್ತದೆ, ಮಾಲೀಕರ ಹೆಸರಿನಲ್ಲಿ ಬಿಚ್ಚಿದವರ ಹೆಸರೇ ಬರುತ್ತದೆ, ಯಾರಿಗೂ ಏನೂ ಗೊತ್ತಾಗುವುದಿಲ್ಲ. ಶಿರಸಿಯವರು ಕಳುಹಿಸುವ ಮುನ್ನ ತಮ್ಮ ಲ್ಯಾಪ್‌ಟಾಪ್‌ನಲ್ಲಿ ಒಮ್ಮೆ ಬಿಚ್ಚಿ ನೋಡಿ ಎಲ್ಲ ಸರಿಯಿದೆ ಎಂದುಕೊಳ್ಳುವುದು ಇದೇ ಕಾರಣಕ್ಕೆ. ಆದರೆ ರೂಟ್ ಬಿಚ್ಚಿದಾಗ ಗ್ನೂ ಟಾರ್‌ನ ನಡವಳಿಕೆ ಬೇರೆ. ಅನುಮತಿಗಳನ್ನು ಇದ್ದಂತೆಯೇ ಇರಿಸು, ಮಾಲೀಕರನ್ನೂ ಇದ್ದಂತೆಯೇ ಇರಿಸು ಎಂಬ ಎರಡು ಆಯ್ಕೆಗಳು ರೂಟ್‌ಗೆ ಹೇಳದೆಯೇ ಜಾರಿಯಾಗುತ್ತವೆ. ಯುಮಾಸ್ಕ್ ಎಷ್ಟೇ ಬಿಗಿಯಾಗಿದ್ದರೂ ಅದನ್ನು ಕೇಳುವವರಿಲ್ಲ. ಸರ್ವರ್‌ನಲ್ಲಿ ಸುಡೋ ಹಾಕಿ (ಆದೇಶವನ್ನು ರೂಟ್ ಆಗಿ ಓಡಿಸಲು ಹೇಳಿ) ಬಿಚ್ಚುವುದು ರೂಢಿ. ಕಂಟೇನರ್ ಕಟ್ಟುವಾಗಲಂತೂ ಬಹುಪಾಲು ಕೆಲಸ ರೂಟ್ ಹೆಸರಿನಲ್ಲೇ ನಡೆಯುತ್ತದೆ. ಹೀಗಾಗಿ ಒಂದೇ ಆರ್ಕೈವ್ ಶಿರಸಿಯಲ್ಲಿ 0644, ಕಾರವಾರದಲ್ಲಿ 0664.

ಗುಂಪಿಗೆ ಬರೆಯುವ ಹಕ್ಕಿದ್ದರೆ ಏನಾಯಿತು ಎಂದು ಕೇಳಬಹುದು. ಬಿಚ್ಚಿದ ಕ್ಷಣದಲ್ಲಿ ಆ ಗುಂಪು ರೂಟ್ ಗುಂಪೇ ಆಗಿರುವುದರಿಂದ ಅಪಾಯ ತೀರಾ ಕಡಿಮೆ ಎಂಬುದು ನಿಜ. ಅಪಾಯ ಹುಟ್ಟುವುದು ಅದರ ಮುಂದಿನ ಆದೇಶದಲ್ಲಿ. ಜಾಲತಾಣದ ಕಡತಗಳನ್ನು ವೆಬ್ ಸರ್ವರ್ ಓದಬೇಕಲ್ಲ ಎಂದು ಕಾರವಾರದವರು ಇಡೀ ಫೋಲ್ಡರಿನ ಗುಂಪನ್ನು ವೆಬ್ ಸರ್ವರ್‌ನ ಗುಂಪಿಗೆ ಬದಲಾಯಿಸುತ್ತಾರೆ. ಓದುವ ಹಕ್ಕು ಕೊಡುವುದಷ್ಟೇ ಅವರ ಉದ್ದೇಶ. ಆದರೆ ಕಡತಗಳು 0664 ಆಗಿರುವುದರಿಂದ ಬರೆಯುವ ಹಕ್ಕೂ ಅದರೊಂದಿಗೆ ಹೋಯಿತು. ಫೋಲ್ಡರುಗಳು 0775 ಆಗಿರುವುದರಿಂದ ಹೊಸ ಕಡತ ಸೇರಿಸುವ, ಇದ್ದದ್ದನ್ನು ಅಳಿಸುವ ಹಕ್ಕೂ ಹೋಯಿತು. ಇನ್ನು ಮುಂದೆ ದರ ತೋರಿಸುವ ಕಾರ್ಯಕ್ರಮದಲ್ಲಿ ಎಲ್ಲಾದರೂ ಒಂದು ಸಣ್ಣ ಬಿರುಕು ಸಿಕ್ಕವರು, ವೆಬ್ ಸರ್ವರ್‌ನ ಹೆಸರಿನಲ್ಲಿ ಆ ಕಾರ್ಯಕ್ರಮವನ್ನೇ ತಿದ್ದಿ ಬರೆಯಬಲ್ಲರು. ತಾನು ಓಡಿಸುವ ಕಾರ್ಯಕ್ರಮವನ್ನು ತಾನೇ ತಿದ್ದಲಾಗದಂತೆ ವೆಬ್ ಸರ್ವರ್ ಅನ್ನು ಇಡುವುದು ಭದ್ರತೆಯ ಪ್ರಾಥಮಿಕ ಪಾಠ. ಅದನ್ನು ಇಬ್ಬರಲ್ಲಿ ಯಾರೂ ಬೇಕೆಂದು ಮುರಿದಿರುವುದಿಲ್ಲ.

ಕೆಲವು ಕಾರ್ಯಕ್ರಮಗಳು ಇಂಥ ಅನುಮತಿಯನ್ನು ಕಂಡರೆ ಮುಂದುವರಿಯಲು ಒಪ್ಪುವುದೇ ಇಲ್ಲ. ಅಪಾಚೆ ಎಂಬ ವೆಬ್ ಸರ್ವರ್ ಪರವಾಗಿ ಕಾರ್ಯಕ್ರಮಗಳನ್ನು ಬೇರೆ ಬಳಕೆದಾರರ ಹೆಸರಿನಲ್ಲಿ ಓಡಿಸುವ ಸುಎಕ್ಸೆಕ್, ತಾನು ಓಡಿಸಬೇಕಾದ ಕಡತವನ್ನಾಗಲಿ ಅದಿರುವ ಫೋಲ್ಡರನ್ನಾಗಲಿ ಮಾಲೀಕರಲ್ಲದೆ ಬೇರೆಯವರು ಬರೆಯಬಹುದಾದರೆ ನಿರಾಕರಿಸುತ್ತದೆ. ನೋಡುಗರಿಗೆ ಕಾಣುವುದು 500 ಎಂಬ ದೋಷಸಂಖ್ಯೆ ಮಾತ್ರ, ಕಾರಣ ಲಾಗ್ ಕಡತದಲ್ಲಿ ಕುಳಿತಿರುತ್ತದೆ. ಲಾಗ್‌ರೊಟೇಟ್ (ಲಾಗ್ ಕಡತಗಳು ಮಿತಿಮೀರಿ ಬೆಳೆಯದಂತೆ ನೋಡಿಕೊಳ್ಳುವ ಕಾರ್ಯಕ್ರಮ) ತನ್ನ ಸಂರಚನಾ ಕಡತವನ್ನು ಗುಂಪಿನವರಾಗಲಿ ಉಳಿದವರಾಗಲಿ ಬರೆಯಬಹುದಾದರೆ ಸಂದೇಶ ಕೊಟ್ಟು ಆ ಕಡತವನ್ನು ಬಿಟ್ಟು ಮುಂದೆ ಹೋಗುತ್ತದೆ, ಲಾಗ್‌ಗಳು ಡಿಸ್ಕ್ ತುಂಬುವವರೆಗೂ ಬೆಳೆಯುತ್ತ ಹೋಗುತ್ತವೆ. ಡೆಬಿಯನ್‌ನ ಕ್ರಾನ್ (ನಿಗದಿತ ಹೊತ್ತಿಗೆ ಕೆಲಸಗಳನ್ನು ಓಡಿಸುವ ಕಾರ್ಯಕ್ರಮ) ಕೂಡ ತನ್ನ ಫೋಲ್ಡರಿನಲ್ಲಿ ಗುಂಪು ಬರೆಯಬಹುದಾದ ಕಡತವಿದ್ದರೆ ಅದನ್ನು ಓಡಿಸುವುದಿಲ್ಲ. ಬೆಳಿಗ್ಗೆ ಹೊತ್ತಿಗೆ ತಾನಾಗಿ ಬದಲಾಗಬೇಕಾದ ದರಪಟ್ಟಿ ನಿನ್ನೆಯದೇ ಆಗಿ ಉಳಿದರೆ, ಯಾರೂ ಮೊದಲು ಅನುಮತಿಯತ್ತ ನೋಡುವುದಿಲ್ಲ. ಕಠೋರವೆನಿಸಿದರೂ ಹೀಗೆ ನಿರಾಕರಿಸುವ ಕಾರ್ಯಕ್ರಮಗಳೇ ಮೇಲು. ಮಾತಾಡದೆ ಒಪ್ಪಿಕೊಳ್ಳುವವು ಸಮಸ್ಯೆಯನ್ನು ಮುಚ್ಚಿಡುತ್ತವೆ.

ಪರಿಹಾರದ ವಿಷಯ. ಕಟ್ಟುವ ಕಡೆ ಸರಿಪಡಿಸುವುದಾದರೆ ಗಿಟ್ ಕಾನ್ಫಿಗ್ ಟಾರ್.ಯುಮಾಸ್ಕ್ 0022 ಎಂಬ ಒಂದು ಆದೇಶ ಸಾಕು. ಆಮೇಲೆ ಆ ರೆಪಾಸಿಟರಿಯಿಂದ ಹೊರಬರುವ ಟಾರ್‌ಗಳಲ್ಲಿ ಕಡತಗಳು 0644, ಚಲಾಯಿಸುವವೂ ಫೋಲ್ಡರುಗಳೂ 0755. ಟಾರ್ ಅನ್ನು ಜಿಜಿಪ್ ಮಾಡಿ ಕುಗ್ಗಿಸಿದರೂ ಒಳಗಿರುವುದು ಅದೇ ಟಾರ್ ಆದ್ದರಿಂದ ಈ ಸೆಟ್ಟಿಂಗ್ ಅದಕ್ಕೂ ಅನ್ವಯಿಸುತ್ತದೆ. ಉಳಿದವರು ಓದುವುದೂ ಬೇಡವೆಂದಾದರೆ 0027 ಕೊಡಬೇಕು. ಆಗ 0640 ಮತ್ತು 0750 ಬರುತ್ತವೆ.

ಮೊದಲು ಹೇಳಿದ ಸೊನ್ನೆಯ ಮಹತ್ವ ಇಲ್ಲಿದೆ. ಶೆಲ್‌ನಲ್ಲಿ ಯುಮಾಸ್ಕ್ 22 ಎಂದು ಕೊಟ್ಟರೂ ಅದು ಆಕ್ಟಲ್ ಎಂದೇ ಅರ್ಥಮಾಡಿಕೊಳ್ಳುತ್ತದೆ. ಗಿಟ್‌ನ ಕಾನ್ಫಿಗರೇಶನ್ ಹಾಗೆ ಮಾಡುವುದಿಲ್ಲ. ಸೊನ್ನೆಯಿಂದ ಆರಂಭವಾದರೆ ಮಾತ್ರ ಅದು ಆಕ್ಟಲ್. ಬರೀ 22 ಎಂದು ಬರೆದರೆ ಹತ್ತರ ಆಧಾರದ ಇಪ್ಪತ್ತೆರಡು. ಆಕ್ಟಲ್‌ನಲ್ಲಿ ಅದು 026. ಅಂದರೆ ಉಳಿದವರ ಓದುವ ಹಕ್ಕೂ ಅಳಿಸಿಹೋಗಿ ಕಡತಗಳು 0640 ಆಗುತ್ತವೆ, ಫೋಲ್ಡರುಗಳು 0751 ಎಂಬ ವಿಚಿತ್ರ ರೂಪ ತಾಳುತ್ತವೆ. ಯಾವ ಎಚ್ಚರಿಕೆಯೂ ಬರುವುದಿಲ್ಲ. ಎರಡು ಅಂಕಿಗಳನ್ನು ಉಳಿಸಹೋಗಿ ಇಡೀ ಮಧ್ಯಾಹ್ನ ಕಳೆದುಕೊಳ್ಳಬಾರದೆಂದರೆ ನಾಲ್ಕೂ ಅಂಕಿಗಳನ್ನು ಬರೆಯುವ ಅಭ್ಯಾಸವೇ ಒಳ್ಳೆಯದು.

ಟಾರ್.ಯುಮಾಸ್ಕ್‌ಗೆ ಸಂಖ್ಯೆಯ ಬದಲು ಯೂಸರ್ ಎಂಬ ಪದವನ್ನೂ ಕೊಡಬಹುದು. ಆಗ ಆರ್ಕೈವ್ ಕಟ್ಟುವವರ ಶೆಲ್‌ನಲ್ಲಿ ಆ ಹೊತ್ತಿಗೆ ಯಾವ ಯುಮಾಸ್ಕ್ ಇದೆಯೋ ಅದನ್ನೇ ಗಿಟ್ ತೆಗೆದುಕೊಳ್ಳುತ್ತದೆ. ಇದು ಮೇಲ್ನೋಟಕ್ಕೆ ಸೊಗಸಾದ ಆಯ್ಕೆ, ಆದರೆ ನಾನು ಇದನ್ನು ಯಾರಿಗೂ ಸೂಚಿಸುವುದಿಲ್ಲ. ಕೈಯಿಂದ ಓಡಿಸಿದಾಗ ಒಂದು ಯುಮಾಸ್ಕ್, ಕ್ರಾನ್ ಓಡಿಸಿದಾಗ ಇನ್ನೊಂದು, ಸಹೋದ್ಯೋಗಿಯ ಲ್ಯಾಪ್‌ಟಾಪ್‌ನಲ್ಲಿ ಮತ್ತೊಂದು ಇರಬಹುದಾದ್ದರಿಂದ ಒಂದೇ ಕಮಿಟ್‌ನಿಂದ ಬೇರೆ ಬೇರೆ ಆರ್ಕೈವ್‌ಗಳು ಹುಟ್ಟುತ್ತವೆ.

ಅಂಥದೇ ತೊಂದರೆ ಸೆಟ್ಟಿಂಗ್ ಎಲ್ಲಿ ಉಳಿಯುತ್ತದೆ ಎಂಬುದರಲ್ಲೂ ಇದೆ. ಗಿಟ್ ಕಾನ್ಫಿಗ್‌ನಲ್ಲಿ ಬರೆದದ್ದು ಆ ಯಂತ್ರದ ಆ ನಕಲಿಗೆ, ಅಥವಾ --ಗ್ಲೋಬಲ್ ಎಂದು ಸೇರಿಸಿದರೆ ಆ ಬಳಕೆದಾರರಿಗೆ ಸೀಮಿತ. ಅದು ಕಮಿಟ್ ಆಗುವುದಿಲ್ಲ, ಕ್ಲೋನ್ ಜೊತೆ ಹೋಗುವುದಿಲ್ಲ. ಗಿಟ್‌ಆಟ್ರಿಬ್ಯೂಟ್ಸ್ ಎಂಬ, ರೆಪಾಸಿಟರಿಯ ಜೊತೆಗೇ ಹೋಗುವ ಸೆಟ್ಟಿಂಗ್ ಕಡತದಲ್ಲಿ ಬರೆಯಲು ಅವಕಾಶವೂ ಇಲ್ಲ. ಶಿರಸಿಯವರು ಹೊಸ ಲ್ಯಾಪ್‌ಟಾಪ್ ಕೊಂಡ ದಿನ ಹಳೆಯ 0002 ಮರಳಿ ಬರುತ್ತದೆ. ಇದಕ್ಕಿರುವ ಭದ್ರ ದಾರಿಯೆಂದರೆ, ಆರ್ಕೈವ್ ಕಟ್ಟುವ ಸಣ್ಣ ಸ್ಕ್ರಿಪ್ಟ್ ಒಂದನ್ನು ರೆಪಾಸಿಟರಿಯಲ್ಲೇ ಇಟ್ಟು, ಅದರೊಳಗೆ ಗಿಟ್ -ಸಿ ಟಾರ್.ಯುಮಾಸ್ಕ್=0022 ಆರ್ಕೈವ್ ಎಂದು ಆದೇಶದ ಜೊತೆಗೇ ಬೆಲೆಯನ್ನು ಕೊಡುವುದು. ಆಗ ಯಾರ ಯಂತ್ರದಲ್ಲಿ ಓಡಿಸಿದರೂ ಫಲಿತಾಂಶ ಒಂದೇ. --ರಿಮೋಟ್ ಎಂದು ಕೊಟ್ಟು ದೂರದ ರೆಪಾಸಿಟರಿಯಿಂದ ಆರ್ಕೈವ್ ತರಿಸಿಕೊಳ್ಳುವಾಗ ಮಾತ್ರ ಇದು ನಡೆಯುವುದಿಲ್ಲ. ಅಲ್ಲಿ ಆ ದೂರದ ರೆಪಾಸಿಟರಿಯ ಕಾನ್ಫಿಗರೇಶನ್ ಹೇಳಿದ್ದೇ ಅಂತಿಮ. ಗಿಟ್‌ಹಬ್‌ನಂಥ ತಾಣ ತಾನಾಗಿ ಕಟ್ಟಿಕೊಡುವ ಟಾರ್ ಕಡತಗಳ ಮೇಲೂ ನಮ್ಮ ಸೆಟ್ಟಿಂಗ್‌ನ ಪ್ರಭಾವವಿಲ್ಲ, ಅವು 0664 ಆಗಿಯೇ ಬರುತ್ತವೆ.

ಜಿಪ್ ಕೇಳಿದವರಿಗೆ ಬೇರೆ ಉತ್ತರವಿದೆ. ಟಾರ್.ಯುಮಾಸ್ಕ್ ಹೆಸರೇ ಹೇಳುವಂತೆ ಟಾರ್‌ಗೆ ಮಾತ್ರ. ಗಿಟ್ ಜಿಪ್ ಕಟ್ಟುವಾಗ ಚಲಾಯಿಸಬಹುದಾದ ಕಡತಕ್ಕೆ ರೆಪಾಸಿಟರಿಯಲ್ಲಿರುವ 0755 ಅನ್ನೇ ಬರೆಯುತ್ತದೆ, ಸಾಮಾನ್ಯ ಕಡತಕ್ಕೆ ಯುನಿಕ್ಸ್ ಅನುಮತಿಯನ್ನು ಬರೆಯುವುದೇ ಇಲ್ಲ. ಅದು ಬಿಚ್ಚುವ ಯಂತ್ರಕ್ಕೆ ಬಿಟ್ಟದ್ದಾಗುತ್ತದೆ. ಆದ್ದರಿಂದ ಇಲ್ಲಿ ಹೇಳುತ್ತಿರುವ ಗುಂಪಿನ ಹಕ್ಕಿನ ಸಮಸ್ಯೆ ಜಿಪ್‌ನಲ್ಲಿ ಸಾಮಾನ್ಯವಾಗಿ ತಲೆದೋರುವುದಿಲ್ಲ.

ಯುಮಾಸ್ಕ್ ಅಳಿಸಬಲ್ಲದು, ಸೇರಿಸಲಾರದು. ಸ್ಕ್ರಿಪ್ಟ್ ಒಂದು ಕಾರವಾರದಲ್ಲಿ ಓಡಲು ಒಪ್ಪುತ್ತಿಲ್ಲ, ಅನುಮತಿ ಇಲ್ಲ ಎನ್ನುತ್ತದೆ ಎಂದಾದರೆ ಟಾರ್.ಯುಮಾಸ್ಕ್ ಬದಲಿಸಿ ಪ್ರಯೋಜನವಿಲ್ಲ. ದೋಷ ಮೊದಲ ಘಟ್ಟದಲ್ಲಿದೆ, ಆ ಕಡತ ರೆಪಾಸಿಟರಿಯಲ್ಲೇ 100644 ಎಂದು ದಾಖಲಾಗಿದೆ. ವಿಂಡೋಸ್‌ನಲ್ಲಿ ಕೆಲಸ ಮಾಡುವವರಿಗೆ ಇದು ಪದೇ ಪದೇ ಎದುರಾಗುತ್ತದೆ, ಏಕೆಂದರೆ ಅಲ್ಲಿನ ಕಡತ ವ್ಯವಸ್ಥೆಯಲ್ಲಿ ಈ ಬಿಟ್ ಇಲ್ಲವಾದ್ದರಿಂದ ಗಿಟ್ ಕೋರ್.ಫೈಲ್‌ಮೋಡ್ ಅನ್ನು ಫಾಲ್ಸ್ ಎಂದಿಟ್ಟು ಡಿಸ್ಕಿನ ಅನುಮತಿಯನ್ನು ಲಕ್ಷಿಸುವುದನ್ನೇ ಬಿಡುತ್ತದೆ. ಗಿಟ್ ಎಲ್ಎಸ್-ಫೈಲ್ಸ್ --ಸ್ಟೇಜ್ ಎಂದು ಕೇಳಿದರೆ ಪ್ರತಿ ಕಡತದ ಮುಂದೆ ದಾಖಲಾದ ಸಂಖ್ಯೆ ಕಾಣಿಸುತ್ತದೆ. ತಪ್ಪಿದ್ದರೆ ಗಿಟ್ ಅಪ್‌ಡೇಟ್-ಇಂಡೆಕ್ಸ್ --ಸಿಎಚ್‌ಮಾಡ್=+ಎಕ್ಸ್ ಎಂಬ ಆದೇಶಕ್ಕೆ ಕಡತದ ಹೆಸರು ಕೊಟ್ಟು ಕಮಿಟ್ ಮಾಡಬೇಕು; ವಿಂಡೋಸ್‌ನಲ್ಲೂ ಇದು ನಡೆಯುತ್ತದೆ.

ಹಾಗೆಯೇ ಯುಮಾಸ್ಕ್ ಎಲ್ಲ ಕಡತಗಳಿಗೂ ಒಂದೇ. ಡೇಟಾಬೇಸ್‌ನ ಗುಪ್ತಪದವಿರುವ ಒಂದು ಕಡತವನ್ನಷ್ಟೇ 0600 ಮಾಡಿ ಉಳಿದವನ್ನು 0644 ಬಿಡುವ ದಾರಿ ಗಿಟ್‌ನಲ್ಲಾಗಲಿ ಆರ್ಕೈವ್‌ನಲ್ಲಾಗಲಿ ಇಲ್ಲ. ಅಂಥ ಕಡತ ರೆಪಾಸಿಟರಿಯಲ್ಲಿ ಇರಲೇಬಾರದು. ಮಾದರಿ ಕಡತವೊಂದನ್ನು ಮಾತ್ರ ಇಟ್ಟು, ಕಾರವಾರದಲ್ಲಿ ಅಳವಡಿಸುವಾಗ ಇನ್‌ಸ್ಟಾಲ್ ಎಂಬ ಆದೇಶಕ್ಕೆ -ಎಂ 0600 ಎಂದು ಕೊಟ್ಟು ಅಲ್ಲಿಯೇ ನಿಜವಾದ ಕಡತವನ್ನು ನಿಲ್ಲಿಸಬೇಕು. ಅನುಮತಿ ಸ್ಥಳೀಯ ವ್ಯವಸ್ಥೆಗೆ ಸೇರಿದ್ದು ಎಂಬ ಗಿಟ್‌ನ ನಿಲುವನ್ನು ಒಪ್ಪಿಕೊಂಡರೆ ಅದನ್ನು ಸ್ಥಳದಲ್ಲೇ ನಿರ್ಧರಿಸುವುದು ತಾನೇ ಸಹಜ.

ಉಳಿದ ಆವೃತ್ತಿ ನಿಯಂತ್ರಣ ತಂತ್ರಾಂಶಗಳ ಬಗ್ಗೆ ಎರಡು ಮಾತು. ಮರ್ಕ್ಯುರಿಯಲ್ ಕೂಡ ಚಲಾಯಿಸುವ ಬಿಟ್ ಮತ್ತು ಸಿಂಬಾಲಿಕ್ ಲಿಂಕ್ ಎಂಬ ಎರಡನ್ನೇ ನೆನಪಿಡುತ್ತದೆ, ಆದರೆ ಆರ್ಕೈವ್ ಕಟ್ಟುವಾಗ 0644 ಮತ್ತು 0755 ಅನ್ನು ನೇರವಾಗಿ ಬರೆಯುತ್ತದೆ. ಹೀಗಾಗಿ ಅಲ್ಲಿಂದ ಗಿಟ್‌ಗೆ ಬಂದವರಿಗೆ 0664 ಹೊಸದಾಗಿ ಕಾಣುತ್ತದೆ. ಸಬ್‌ವರ್ಷನ್‌ನಲ್ಲಿ ಎಸ್‌ವಿಎನ್:ಎಕ್ಸಿಕ್ಯೂಟಬಲ್ ಎಂಬ ಗುಣವನ್ನು ಕಡತಕ್ಕೆ ಅಂಟಿಸುವ ಕ್ರಮವಿದೆ. ಆರ್ಕೈವ್ ಕಟ್ಟುವ ಆದೇಶ ಅದರಲ್ಲಿಲ್ಲ. ಎಕ್ಸ್‌ಪೋರ್ಟ್ ಮಾಡಿ ನಾವೇ ಟಾರ್ ಕಟ್ಟಬೇಕಾದ್ದರಿಂದ ಎಕ್ಸ್‌ಪೋರ್ಟ್ ಮಾಡಿದ ಯಂತ್ರದ ಯುಮಾಸ್ಕ್ ಅದರೊಳಗೆ ಸೇರಿಕೊಳ್ಳುತ್ತದೆ.

ಏನನ್ನೇ ಬದಲಿಸಿದರೂ ಪರೀಕ್ಷಿಸುವಾಗ ಬಿಚ್ಚಿ ನೋಡಬೇಡಿ. ಬಿಚ್ಚಿದಾಗ ಕಾಣುವುದು ನಿಮ್ಮ ಯುಮಾಸ್ಕ್ ಬೆರೆತ ಫಲಿತಾಂಶ. ಟಾರ್ -ಟಿವಿಎಫ್ ಎಂದು ಕೊಟ್ಟರೆ ಆರ್ಕೈವ್‌ನೊಳಗೆ ಬರೆದಿರುವ ಅನುಮತಿಗಳೇ ಅಕ್ಷರರೂಪದಲ್ಲಿ ಕಾಣುತ್ತವೆ. ಎಡಗಡೆಯ ಸಾಲಿನಲ್ಲಿ ಗುಂಪಿನ ಮೂರು ಅಕ್ಷರಗಳ ನಡುವೆ ಡಬ್ಲ್ಯೂ ಇದ್ದರೆ 0002 ಇನ್ನೂ ಜಾರಿಯಲ್ಲಿದೆ ಎಂದು ತಿಳಿಯಿರಿ.

ಬಿಚ್ಚುವ ಕಡೆಯವರಿಗೂ ಅವರದೇ ಉಪಾಯವಿದೆ, ಕಳುಹಿಸಿದವರು ಏನೇ ಮಾಡಿರಲಿ. ರೂಟ್ ಆಗಿ ಬಿಚ್ಚಲೇಬೇಕಾದರೆ ಟಾರ್‌ಗೆ --ನೋ-ಸೇಮ್-ಪರ್ಮಿಶನ್ಸ್ ಎಂದು ಕೊಟ್ಟರೆ ರೂಟ್‌ನ ಯುಮಾಸ್ಕ್ ಮತ್ತೆ ಜಾರಿಗೆ ಬರುತ್ತದೆ. ಹೊರಗಿನಿಂದ ಬಂದ ಆರ್ಕೈವ್ ಆದರೆ --ನೋ-ಸೇಮ್-ಓನರ್ ಕೂಡ ಸೇರಿಸುವುದು ವಿವೇಕ. ಇವುಗಳಿಗಿಂತ ಮೇಲಾದದ್ದು, ಜಾಲತಾಣದ ಕಡತಗಳಿಗೆಂದೇ ಒಂದು ಸಾಮಾನ್ಯ ಖಾತೆ ಮಾಡಿ ಆ ಹೆಸರಿನಲ್ಲೇ ಬಿಚ್ಚುವುದು. ಆಗ ಮಾಲೀಕರೂ ಸರಿಹೋಗುತ್ತಾರೆ, ಯುಮಾಸ್ಕ್‌ಗೂ ಬೆಲೆ ಬರುತ್ತದೆ.

ಈಗಾಗಲೇ ಕಳುಹಿಸಿದ ಆರ್ಕೈವ್‌ಗಳನ್ನು ಏನು ಮಾಡಬೇಕು ಎಂಬುದೊಂದು ಬಾಕಿಯಿದೆ. ಗಿಟ್ ಕಮಿಟ್‌ನಿಂದ ಆರ್ಕೈವ್ ಕಟ್ಟುವಾಗ ಕಡತಗಳ ಸಮಯವೂ ಕಮಿಟ್‌ನ ಸಮಯವೇ ಆಗಿರುವುದರಿಂದ, ಒಂದೇ ಕಮಿಟ್‌ನಿಂದ ಎರಡು ಬಾರಿ ಕಟ್ಟಿದ ಟಾರ್‌ಗಳು ಬೈಟ್ ಬೈಟ್ ಒಂದೇ ಆಗಿರಬೇಕೆಂದು ಜನ ನಿರೀಕ್ಷಿಸುತ್ತಾರೆ, ಅದರ ಮೇಲೆ ಚೆಕ್‌ಸಮ್ (ಕಡತ ಬದಲಾಗಿಲ್ಲವೆಂದು ಪರೀಕ್ಷಿಸಲು ಬಳಸುವ ಸಂಖ್ಯೆ) ಲೆಕ್ಕಹಾಕಿ ಬರೆದಿಟ್ಟುಕೊಳ್ಳುತ್ತಾರೆ. ಟಾರ್.ಯುಮಾಸ್ಕ್ ಬದಲಾದರೆ ಪ್ರತಿ ತಲೆಬರಹದ ಅನುಮತಿಯ ಅಂಕಿಗಳು ಬದಲಾಗುತ್ತವೆ, ಚೆಕ್‌ಸಮ್ ಪೂರ್ತಿ ಬೇರೆಯಾಗುತ್ತದೆ. 2023ರ ಜನವರಿಯಲ್ಲಿ ಗಿಟ್‌ಹಬ್‌ನ ಆರ್ಕೈವ್‌ಗಳ ವಿಷಯದಲ್ಲಿ ಇಂಥದೊಂದು ಆಗಿತ್ತು, ಗಿಟ್ 2.38ರಲ್ಲಿ ಜಿಜಿಪ್ ಮಾಡುವ ಒಳವಿಧಾನ ಬದಲಾಗಿದ್ದರಿಂದ ಒಳಗಿನ ಟಾರ್ ಒಂದೇ ಆಗಿದ್ದರೂ ಹೊರಗಿನ ಬೈಟ್‌ಗಳು ಬೇರೆಯಾಗಿ, ಹಳೆಯ ಚೆಕ್‌ಸಮ್ ನಂಬಿದ್ದ ಬಿಲ್ಡ್‌ಗಳು ಎಷ್ಟೋ ಕಡೆ ಮುರಿದುಬಿದ್ದವು, ಆ ಬದಲಾವಣೆಯನ್ನು ಹಿಂತೆಗೆದುಕೊಳ್ಳಬೇಕಾಯಿತು. ಆದ್ದರಿಂದ ಹಳೆಯ ಆವೃತ್ತಿಯ ಆರ್ಕೈವ್ ಅನ್ನು ಅದೇ ಹೆಸರಿನಲ್ಲಿ ಹೊಸದಾಗಿ ಕಟ್ಟಿ ಕಳುಹಿಸುವುದು ಬೇಡ. 0022 ಮುಂದಿನ ಆವೃತ್ತಿಯಿಂದ, ಹೊಸ ಸಂಖ್ಯೆ ಮತ್ತು ಹೊಸ ಚೆಕ್‌ಸಮ್ ಜೊತೆ ಜಾರಿಗೆ ಬರಲಿ; ಅಲ್ಲಿಯವರೆಗೆ ಬಿಚ್ಚುವವರು --ನೋ-ಸೇಮ್-ಪರ್ಮಿಶನ್ಸ್ ಹಾಕಿಕೊಳ್ಳಲಿ, ಈಗಾಗಲೇ ಬಿಚ್ಚಿಟ್ಟ ಫೋಲ್ಡರಿನ ಮೇಲೆ ಒಮ್ಮೆ ಸಿಎಚ್‌ಮಾಡ್ -ಆರ್ ಜಿ-ಡಬ್ಲ್ಯೂ ಓಡಿಸಿ ಗುಂಪಿನ ಬರೆಯುವ ಹಕ್ಕನ್ನು ತೆಗೆದುಹಾಕಲಿ. ಜಾಲತಾಣ ತಾನೇ ಬರೆಯಬೇಕಾದ ಅಪ್‌ಲೋಡ್ ಫೋಲ್ಡರ್ ಇದ್ದರೆ, ಅದಕ್ಕೆ ಮಾತ್ರ ಆ ಹಕ್ಕನ್ನು ಮತ್ತೆ ಕೊಡಬೇಕಾಗುತ್ತದೆ.